ಮೆಮೊರಿ ಲೀಕ್ ಪತ್ತೆ: ಏರುವ ಗ್ರಾಫಿನಿಂದ ತಪ್ಪಿದ ಸಾಲಿನವರೆಗೆ

ಮೊದಲ ದಿನ 300 ಎಂಬಿ ಇದ್ದ ಪ್ರೋಗ್ರಾಂ ಮೂರನೇ ದಿನಕ್ಕೆ 3 ಜಿಬಿ ಹಿಡಿದು ಕೂತಿದೆ. ನಾಲ್ಕನೇ ದಿನ ಲಿನಕ್ಸ್ ಕರ್ನಲ್‌ನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಗ್ರಾಂಗಳನ್ನು ನಿಲ್ಲಿಸುವ ವ್ಯವಸ್ಥೆ) ಅದನ್ನು ಕೊಂದುಹಾಕುತ್ತದೆ. ಕಂಟೇನರ್ (ಪ್ರೋಗ್ರಾಂ ಪ್ರತ್ಯೇಕವಾಗಿ ಓಡುವ ಆವರಣ) ಆಗಿದ್ದರೆ ಎಕ್ಸಿಟ್ ಕೋಡ್ 137 ಎಂದು ಕಾಣುತ್ತದೆ: 128ಕ್ಕೆ, ಬಲವಂತವಾಗಿ ಕೊಲ್ಲುವ ಸಂಕೇತವಾದ ಸಿಗ್‌ಕಿಲ್‌ನ ಸಂಖ್ಯೆ 9 ಕೂಡಿಸಿದರೆ ಬರುವ ಮೊತ್ತ. ಮತ್ತೆ ಸ್ಟಾರ್ಟ್ ಮಾಡಿದರೆ ಗ್ರಾಫ್ ಮತ್ತೆ ಅದೇ ಇಳಿಜಾರಿನಲ್ಲಿ ಏರತೊಡಗುತ್ತದೆ.

ಇದಕ್ಕೆ ಮೆಮೊರಿ ಲೀಕ್ ಎನ್ನುತ್ತಾರೆ. ಲೀಕ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಸೋರುವುದೆಂದರೆ ಒಳಗಿದ್ದದ್ದು ಹೊರಗೆ ಹೋಗುವುದು. ಇಲ್ಲಿ ಆಗುವುದು ಅದರ ತಲೆಕೆಳಗು: ಕೆಲಸ ಮುಗಿಸಿ ಹೊರಗೆ ಹೋಗಬೇಕಾದದ್ದು ಒಳಗೇ ಉಳಿದು, ಕೆರೆಯ ತಳದಲ್ಲಿ ಹೂಳು ಕೂತಂತೆ ಕೂರುತ್ತದೆ. ಹಾಗಾಗಿ ಹುಡುಕುವವರು ಕೇಳಬೇಕಾದ ಪ್ರಶ್ನೆ ‘ಈ ಮೆಮೊರಿಯನ್ನು ಯಾರು ತೆಗೆದುಕೊಂಡರು’ ಎಂಬುದಷ್ಟೇ ಅಲ್ಲ, ‘ಯಾರು ಇನ್ನೂ ಬಿಟ್ಟಿಲ್ಲ’ ಎಂಬುದು. ಹೆಚ್ಚಿನ ಉಪಕರಣಗಳು ಮೊದಲನೆಯದಕ್ಕೆ ಸುಲಭವಾಗಿ ಉತ್ತರ ಕೊಡುತ್ತವೆ. ದೋಷ ಇರುವುದು ಎರಡನೆಯದರಲ್ಲಿ.

ಕೆಳಗೆ ಬರುವ ಆಜ್ಞೆ, ಆಯ್ಕೆ, ಫೈಲ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದೆ. ಟರ್ಮಿನಲ್‌ನಲ್ಲಿ ಅವುಗಳ ಮೂಲ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹಂತ 1: ಇದು ನಿಜಕ್ಕೂ ಲೀಕ್ ಹೌದೇ?

ಕೋಡ್ ತೆರೆಯುವ ಮೊದಲು ಅಳತೆ ಸರಿಯಾಗಿರಲಿ. ಟಾಪ್ ಆಜ್ಞೆ ತೋರಿಸುವ ವರ್ಚುವಲ್ ಗಾತ್ರವನ್ನು ನೋಡಿ ಗಾಬರಿಯಾಗಬೇಡಿ; ಅದು ಕಾದಿರಿಸಿದ ವಿಳಾಸಗಳ ಲೆಕ್ಕ, ಬಳಸಿದ ರ‍್ಯಾಮ್‌ನದ್ದಲ್ಲ. ಆರ್‌ಎಸ್‌ಎಸ್ ನಿಜವಾಗಿ ರ‍್ಯಾಮ್‌ನಲ್ಲಿರುವುದನ್ನು ಹೇಳುತ್ತದೆ, ಆದರೆ ಬೇರೆ ಪ್ರಾಸೆಸ್‌ಗಳ ಜೊತೆ ಹಂಚಿಕೊಂಡ ಪುಟಗಳನ್ನೂ (ಮೆಮೊರಿ ತುಂಡುಗಳನ್ನೂ) ಪೂರ್ತಿಯಾಗಿ ಎಣಿಸುತ್ತದೆ. ಲಿನಕ್ಸ್‌ನಲ್ಲಿ ಪ್ರಾಕ್ ಫೋಲ್ಡರಿನೊಳಗೆ ನಿಮ್ಮ ಪ್ರಾಸೆಸ್ ಸಂಖ್ಯೆಯಡಿ ‘ಸ್ಟೇಟಸ್’ ಎಂಬ ಫೈಲ್ ಇರುತ್ತದೆ. ಅದು ಆರ್‌ಎಸ್‌ಎಸ್ ಅನ್ನು ಅನಾನ್, ಫೈಲ್, ಶ್ಮೆಮ್ ಎಂದು ಮೂರಾಗಿ ಒಡೆದು ತೋರಿಸುತ್ತದೆ. ಹೀಪ್ (ಓಡುವಾಗ ಬೇಕಾದಂತೆ ಕೇಳಿ ಪಡೆಯುವ ಮೆಮೊರಿ) ಮತ್ತು ಸ್ಟ್ಯಾಕ್ (ಫಂಕ್ಷನ್ ಕರೆಗಳು ಬಳಸುವ ಮೆಮೊರಿ) ಅನಾನ್ ಭಾಗದಲ್ಲಿ ಬರುತ್ತವೆ. ನೋಡಬೇಕಾದ ಸಂಖ್ಯೆ ಅದೇ. ಕರ್ನಲ್ 4.14ರಿಂದ ‘ಎಸ್‌ಮ್ಯಾಪ್ಸ್ ರೋಲಪ್’ ಎಂಬ ಫೈಲೂ ಇದೆ. ಹಂಚಿಕೆಯ ಪುಟಗಳನ್ನು ಪಾಲುದಾರರ ನಡುವೆ ಭಾಗಿಸಿದ ಪಿಎಸ್‌ಎಸ್ ಲೆಕ್ಕ ಅದರಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಕಂಟೇನರ್‌ನ ಗ್ರಾಫ್ ಇನ್ನೊಂದು ಬಲೆ. ಕಂಟೇನರ್‌ಗೆ ಮಿತಿ ಹಾಕುವ ಕರ್ನಲ್ ವ್ಯವಸ್ಥೆಯಾದ ಸಿಗ್ರೂಪ್‌ನ ‘ಮೆಮೊರಿ.ಕರೆಂಟ್’ ಸಂಖ್ಯೆಯಲ್ಲಿ ಫೈಲ್ ಓದಿ ಬರೆದಾಗ ಕರ್ನಲ್ ಇಟ್ಟುಕೊಳ್ಳುವ ಪೇಜ್ ಕ್ಯಾಶ್ ಕೂಡ ಸೇರಿದೆ. ಲಾಗ್ ಫೈಲಿಗೆ ಬರೆಯುತ್ತಲೇ ಇರುವ ಪ್ರೋಗ್ರಾಂನಲ್ಲಿ ಇದು ಮಿತಿಯವರೆಗೂ ಏರಿ ಅಲ್ಲೇ ನಿಲ್ಲುವುದು ಸಹಜ. ಬೇಕಾದಾಗ ಕರ್ನಲ್ ಅದನ್ನು ಬಿಡಿಸಿಕೊಳ್ಳುತ್ತದೆ. ‘ಮೆಮೊರಿ.ಸ್ಟ್ಯಾಟ್’ನ ಅನಾನ್ ಸಾಲು ಏರುತ್ತಿದೆಯೇ ನೋಡಿ. ಏರದಿದ್ದರೆ ನಿಮ್ಮ ಪ್ರೋಗ್ರಾಂನ ಹೀಪ್‌ನಲ್ಲಿ ಲೀಕ್ ಇಲ್ಲ.

ಗಾರ್ಬೇಜ್ ಕಲೆಕ್ಷನ್ (ಜಿಸಿ: ಬೇಡವಾದ ಮೆಮೊರಿಯನ್ನು ಭಾಷೆಯೇ ಬಿಡಿಸಿಕೊಳ್ಳುವುದು) ಇರುವ ಭಾಷೆಗಳಲ್ಲಿ ಗ್ರಾಫ್ ಗರಗಸದ ಹಲ್ಲಿನಂತಿರುತ್ತದೆ. ತುದಿಗಳನ್ನು ಬಿಟ್ಟು ತಗ್ಗುಗಳನ್ನು ಮಾತ್ರ ಸೇರಿಸಿ ಗೆರೆ ಎಳೆಯಿರಿ. ಪೂರ್ಣ ಜಿಸಿ ಆದ ಮೇಲಿನ ತಗ್ಗು ಪ್ರತಿ ಸಲವೂ ಮೇಲೇರುತ್ತಿದ್ದರೆ ಲೀಕ್ ಇದೆ. ತಗ್ಗು ಸಮತಟ್ಟಾಗಿದ್ದು ತುದಿ ಮಾತ್ರ ಎತ್ತರವಾಗಿದ್ದರೆ ಅದು ಹೀಪ್‌ಗೆ ಕೊಟ್ಟ ಮಿತಿ ಹೆಚ್ಚಾದದ್ದರ ಫಲ.

ಮೂರನೆಯ ಸಾಧ್ಯತೆ ಅಲೊಕೇಟರ್, ಅಂದರೆ ಪ್ರೋಗ್ರಾಂಗೆ ಮೆಮೊರಿ ಹಂಚಿಕೊಡುವ ಭಾಗ. ನೀವು ಫ್ರೀ ಮಾಡಿದ್ದೆಲ್ಲ (ಬಿಟ್ಟುಕೊಟ್ಟದ್ದೆಲ್ಲ) ಆ ಕ್ಷಣವೇ ಆಪರೇಟಿಂಗ್ ಸಿಸ್ಟಮ್‌ಗೆ ಹಿಂದಿರುಗುವುದಿಲ್ಲ. ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿಯಾದ ಜಿಲಿಬ್‌ಸಿಯ ಮ್ಯಾಲಕ್ (ಮೆಮೊರಿ ಕೊಡುವ ಫಂಕ್ಷನ್) ಆರಂಭದಲ್ಲಿ 128 ಕೆಬಿಗಿಂತ ದೊಡ್ಡ ತುಂಡುಗಳನ್ನು ಮಾತ್ರ ಬೇರೆಯಾಗಿ ಎಂಮ್ಯಾಪ್ ಮಾಡಿ (ಕರ್ನಲ್‌ನಿಂದ ನೇರವಾಗಿ ಪಡೆದು), ಫ್ರೀ ಆದೊಡನೆ ವಾಪಸ್ ಕೊಡುತ್ತದೆ. ಈ ಗಡಿ ಬಳಕೆಗೆ ತಕ್ಕಂತೆ ತಾನೇ ಏರುತ್ತ 64 ಬಿಟ್ ಯಂತ್ರದಲ್ಲಿ 32 ಎಂಬಿಯವರೆಗೂ ಹೋಗಬಲ್ಲದು. ಚಿಕ್ಕ ತುಂಡುಗಳು ಹೀಪ್‌ನಲ್ಲೇ ಉಳಿದು ಮರುಬಳಕೆಗೆ ಕಾಯುತ್ತವೆ. ಅದಲ್ಲದೆ ಥ್ರೆಡ್‌ಗಳು (ಒಂದೇ ಪ್ರಾಸೆಸ್‌ನಲ್ಲಿ ಸಮಾನಾಂತರವಾಗಿ ಓಡುವ ಕೆಲಸಗಳು) ಕಿತ್ತಾಡದಿರಲೆಂದು ಅದು ಹಲವು ಅರೀನಾಗಳನ್ನು (ಬೇರೆಬೇರೆ ಮೆಮೊರಿ ಕೊಳಗಳನ್ನು) ಇಟ್ಟುಕೊಳ್ಳುತ್ತದೆ, ಕೋರ್ ಒಂದಕ್ಕೆ ಗರಿಷ್ಠ 8ರಂತೆ. 16 ಕೋರಿನ ಯಂತ್ರದಲ್ಲಿ 128 ಅರೀನಾ! ಪ್ರತಿಯೊಂದರಲ್ಲೂ ಸ್ವಲ್ಪ ಸ್ವಲ್ಪ ಖಾಲಿ ಜಾಗ ಉಳಿದರೆ ಸಾಕು, ಲೀಕ್‌ನಂತೆಯೇ ಕಾಣುತ್ತದೆ.

ಇದನ್ನು ಬೇರ್ಪಡಿಸಲು ಎರಡು ಸುಲಭ ಪರೀಕ್ಷೆಗಳಿವೆ. ಮ್ಯಾಲಕ್ ಅರೀನಾ ಮ್ಯಾಕ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು 2ಕ್ಕೆ ಇಟ್ಟು ಮತ್ತೆ ಓಡಿಸಿ. ಇಲ್ಲವೇ ಟೆಸ್ಟ್ ಯಂತ್ರದಲ್ಲಿ ಜಿಡಿಬಿ ಡೀಬಗರ್ ಹಚ್ಚಿ ‘ಮ್ಯಾಲಕ್ ಟ್ರಿಮ್’ ಫಂಕ್ಷನ್ ಅನ್ನು ಸೊನ್ನೆ ಕೊಟ್ಟು ಕರೆಯಿರಿ. ಆರ್‌ಎಸ್‌ಎಸ್ ಧಡಕ್ಕನೆ ಇಳಿದರೆ ಅದು ಲೀಕ್ ಅಲ್ಲ, ಹಿಂದಿರುಗಿಸದೆ ಉಳಿಸಿಕೊಂಡ ಖಾಲಿ ಜಾಗ. ಈ ಎರಡನೆಯ ಪರೀಕ್ಷೆಯನ್ನು ಜನ ಬಳಸುತ್ತಿರುವ ಸರ್ವರ್ ಮೇಲೆ ಮಾಡಲೇಬೇಡಿ. ಆ ಕ್ಷಣದಲ್ಲಿ ಯಾವುದಾದರೂ ಥ್ರೆಡ್ ಮ್ಯಾಲಕ್‌ನ ಬೀಗ ಹಿಡಿದಿದ್ದರೆ ಇಡೀ ಪ್ರಾಸೆಸ್ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 2: ಏರಿಕೆಯನ್ನು ಕೈಗೆ ಸಿಗುವಂತೆ ಮಾಡಿ

ಮೂರು ದಿನ ಕಾದರೆ ಮಾತ್ರ ಕಾಣುವ ಲೀಕ್ ಅನ್ನು ಹುಡುಕಲಾಗದು. ಹತ್ತು ನಿಮಿಷದಲ್ಲಿ ಕಾಣುವಂತೆ ಮಾಡಬೇಕು. ಈ ಹಂತಕ್ಕೆ ಅರ್ಧ ದಿನ ಹೋದರೂ ನಷ್ಟವಿಲ್ಲ, ಮುಂದಿನ ಎಲ್ಲ ಕೆಲಸವೂ ಇದರ ಮೇಲೆ ನಿಂತಿದೆ.

ಪ್ರೋಗ್ರಾಂ ಶುರು ಮಾಡಿ ಮೊದಲು ಬಿಸಿಯಾಗಲು ಬಿಡಿ: ಸಾವಿರ ರಿಕ್ವೆಸ್ಟ್ ಕಳಿಸಿ. ಕನೆಕ್ಷನ್ ಪೂಲ್, ಕ್ಯಾಶ್, ಜಿಟ್ ಕಂಪೈಲರ್ (ಓಡುವಾಗಲೇ ಕೋಡ್ ಅನುವಾದಿಸುವುದು) ಎಲ್ಲ ತಮ್ಮ ಪಾಲನ್ನು ಆಗ ತೆಗೆದುಕೊಳ್ಳುತ್ತವೆ. ಅದು ಒಂದು ಸಲದ ಖರ್ಚು. ಆಮೇಲೆ ಅನಾನ್ ಸಂಖ್ಯೆಯನ್ನು ಬರೆದುಕೊಂಡು 10,000 ರಿಕ್ವೆಸ್ಟ್ ಕಳಿಸಿ, ಮತ್ತೆ ಬರೆದುಕೊಳ್ಳಿ. ಇನ್ನೂ 10,000, ಮತ್ತೆ ಬರೆದುಕೊಳ್ಳಿ. ಎರಡು ಏರಿಕೆಗಳೂ ಹೆಚ್ಚುಕಡಿಮೆ ಸಮನಾಗಿದ್ದರೆ ಲೀಕ್ ನಿಮ್ಮ ಕೈಗೆ ಸಿಕ್ಕಿದೆ. ಎರಡನೆಯದು ಮೊದಲನೆಯದಕ್ಕಿಂತ ತೀರಾ ಕಡಿಮೆಯಿದ್ದರೆ ಇನ್ನೂ ತುಂಬುತ್ತಿರುವ ಕ್ಯಾಶ್ ಇರಬಹುದು; ಮತ್ತೆರಡು ಸುತ್ತು ಓಡಿಸಿ.

ಈಗ ಭಾಗಿಸಿ. 10,000 ರಿಕ್ವೆಸ್ಟ್‌ಗೆ 40 ಎಂಬಿ ಏರಿದರೆ ಒಂದಕ್ಕೆ ಸುಮಾರು 4 ಕೆಬಿ. ಈ ಚಿಕ್ಕ ಲೆಕ್ಕ ಬಹಳ ಮಾತಾಡುತ್ತದೆ. 4 ಕೆಬಿ ಎಂದರೆ ಯಾವುದೋ ಬಫರ್ ಇರಬಹುದು. ಕೆಲವೇ ನೂರು ಬೈಟ್ ಎಂದರೆ ಮ್ಯಾಪ್‌ನಲ್ಲಿ ಉಳಿದ ಒಂದು ನಮೂದು, ಅಥವಾ ತೆಗೆಯದೆ ಬಿಟ್ಟ ಒಂದು ಲಿಸನರ್ (ಘಟನೆ ನಡೆದಾಗ ಕರೆಯಲೆಂದು ನೋಂದಾಯಿಸಿದ ಫಂಕ್ಷನ್). ಕಳಿಸಿದ ಡೇಟಾದ ಗಾತ್ರ ಎರಡುಪಟ್ಟಾದಾಗ ಏರಿಕೆಯೂ ಎರಡುಪಟ್ಟಾದರೆ ರಿಕ್ವೆಸ್ಟ್‌ನ ಒಡಲೇ ಎಲ್ಲೋ ಉಳಿಯುತ್ತಿದೆ. ಆರ್‌ಎಸ್‌ಎಸ್ ಮೆಲ್ಲಗೆ ಏರುತ್ತ, ವರ್ಚುವಲ್ ಗಾತ್ರ 8 ಎಂಬಿಯ ಮೆಟ್ಟಿಲುಗಳಲ್ಲಿ ಜಿಗಿಯುತ್ತಿದ್ದರೆ ಥ್ರೆಡ್‌ಗಳು ಸೋರುತ್ತಿವೆ, ಏಕೆಂದರೆ ಲಿನಕ್ಸ್‌ನಲ್ಲಿ ಥ್ರೆಡ್ ಸ್ಟ್ಯಾಕ್‌ನ ಸಾಮಾನ್ಯ ಗಾತ್ರ 8 ಎಂಬಿ.

ಮುಂದೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಓಡಿಸಿ. ಯಾವ ರಿಕ್ವೆಸ್ಟೂ ಇಲ್ಲದೆ ಸುಮ್ಮನೆ ಬಿಟ್ಟಾಗಲೂ ಏರುತ್ತದೆಯೇ? ಹಾಗಿದ್ದರೆ ಟೈಮರ್, ಹಾರ್ಟ್‌ಬೀಟ್, ಮೆಟ್ರಿಕ್ಸ್ ಕಳಿಸುವ ಭಾಗಗಳನ್ನು ನೋಡಿ. ಒಂದೇ ಕನೆಕ್ಷನ್‌ನಲ್ಲಿ ಸಾವಿರ ರಿಕ್ವೆಸ್ಟ್ ಕಳಿಸಿದರೆ ಏರದೆ, ಸಾವಿರ ಕನೆಕ್ಷನ್ ತೆರೆದು ಮುಚ್ಚಿದರೆ ಏರುತ್ತದೆಯೇ? ಹಾಗಾದರೆ ಕನೆಕ್ಷನ್ ಮುಚ್ಚುವಾಗಿನ ಸ್ವಚ್ಛತೆಯಲ್ಲಿ ಕೊರತೆಯಿದೆ. ತಪ್ಪು ಡೇಟಾ ಕಳಿಸಿ ಎರರ್ ಬರಿಸುವ ಸುತ್ತೊಂದನ್ನು ಖಂಡಿತ ಓಡಿಸಿ. ಎಲ್ಲ ಸರಿಯಾದಾಗ ನಡೆಯುವ ದಾರಿಯನ್ನು ಹತ್ತು ಜನ ಪರೀಕ್ಷಿಸಿರುತ್ತಾರೆ. ಮಧ್ಯದಲ್ಲೇ ರಿಟರ್ನ್ ಆಗುವ, ಎಕ್ಸೆಪ್ಷನ್ ಎಸೆಯುವ, ಟೈಮ್‌ಔಟ್ ಆಗುವ ದಾರಿಗಳಲ್ಲಿ ಫ್ರೀ ಮಾಡುವ ಸಾಲನ್ನು ತಲುಪದೇ ಹೋಗುವುದು ತೀರಾ ಸಾಮಾನ್ಯ.

ಹಂತ 3: ಯಾವ ಭಾಗ ತುಂಬುತ್ತಿದೆ?

ಸಿ, ಸಿ++ ಆಗಿದ್ದರೆ ಇದನ್ನು ದಾಟಿ ಮುಂದೆ ಹೋಗಿ. ಜಾವಾ, ನೋಡ್.ಜೆಎಸ್, ಪೈಥಾನ್, ಗೋ ಬಳಸುವವರಿಗೆ ಇದು ಕವಲುದಾರಿ. ಭಾಷೆಯ ಸ್ವಂತ ಹೀಪ್ ಏರುತ್ತಿದೆಯೇ ಅಥವಾ ಅದರ ಹೊರಗಿನ ನೇಟಿವ್ ಮೆಮೊರಿಯೇ?

ನೋಡ್‌ನಲ್ಲಿ ‘ಪ್ರಾಸೆಸ್.ಮೆಮೊರಿಯೂಸೇಜ್’ ಕರೆದರೆ ಹೀಪ್‌ಯೂಸ್ಡ್, ಎಕ್ಸ್‌ಟರ್ನಲ್, ಅರೇಬಫರ್ಸ್ ಬೇರೆಬೇರೆಯಾಗಿ ಸಿಗುತ್ತವೆ. ಬಫರ್‌ಗಳ ಒಡಲು ಹೀಪ್‌ಯೂಸ್ಡ್‌ನಲ್ಲಿ ಇರುವುದಿಲ್ಲ. ಅದನ್ನು ಮಾತ್ರ ನೋಡುತ್ತ ಕೂತವರಿಗೆ ಬಫರ್ ಲೀಕ್ ಎಂದೂ ಕಾಣುವುದಿಲ್ಲ. ಜಾವಾದಲ್ಲಿ ಹೀಪ್ ಸಮತಟ್ಟಾಗಿದ್ದು ಆರ್‌ಎಸ್‌ಎಸ್ ಏರುತ್ತಿದ್ದರೆ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಅನ್ನು ಸಮ್ಮರಿ ಮಟ್ಟದಲ್ಲಿ ಆನ್ ಮಾಡಿ ಶುರು ಮಾಡಿ. ಜಾವಾದ ಜೆಸಿಎಂಡಿ ಆಜ್ಞೆಯಿಂದ ‘ಬೇಸ್‌ಲೈನ್’ ಹಿಡಿದು, ಲೋಡ್ ಓಡಿಸಿ, ‘ಸಮ್ಮರಿ.ಡಿಫ್’ ಕೇಳಿ. ಥ್ರೆಡ್ ಸಾಲು ಬೆಳೆದಿದೆಯೋ, ಕ್ಲಾಸ್ ಸಾಲೋ, ಇನ್ನೊಂದೋ ಎಂದು ಅಲ್ಲೇ ತಿಳಿಯುತ್ತದೆ. ಅದೂ ಸಮತಟ್ಟಾಗಿದ್ದರೆ ಜೆಎನ್‌ಐ (ಜಾವಾದಿಂದ ಸಿ ಕೋಡ್ ಕರೆಯುವ ದಾರಿ) ಮೂಲಕ ಕರೆದ ಹೊರಗಿನ ಲೈಬ್ರರಿ ನೇರವಾಗಿ ಮ್ಯಾಲಕ್ ಮಾಡುತ್ತಿರಬೇಕು. ಅದು ಈ ಲೆಕ್ಕಕ್ಕೆ ಬರುವುದಿಲ್ಲ, ಸಿ ಪ್ರೋಗ್ರಾಂನಂತೆಯೇ ಹುಡುಕಬೇಕು.

ಪ್ರಾಸೆಸ್‌ಗಳೆಲ್ಲ ಸರಿಯಿದ್ದು ಯಂತ್ರದ ಒಟ್ಟು ಮೆಮೊರಿ ಮಾತ್ರ ಕರಗುತ್ತಿದ್ದರೆ ಸ್ಲ್ಯಾಬ್‌ಟಾಪ್ ಓಡಿಸಿ ಕರ್ನಲ್‌ನ ಪಾಲು ನೋಡಿ, ಡೆವ್ ಶ್ಮೆಮ್ ಫೋಲ್ಡರಿನಲ್ಲಿ ಬಿಟ್ಟುಹೋದ ಫೈಲ್‌ಗಳಿವೆಯೇ ಎಂದೂ ನೋಡಿ.

ಹಂತ 4: ಸಿ, ಸಿ++ನಲ್ಲಿ ಹುಡುಕುವುದು

ಮೊದಲ ಆಯ್ಕೆ ಅಡ್ರೆಸ್ ಸ್ಯಾನಿಟೈಸರ್, ಮೆಮೊರಿ ತಪ್ಪುಗಳನ್ನು ಓಡುವಾಗಲೇ ಹಿಡಿಯುವ ಕಂಪೈಲರ್ ಸೌಲಭ್ಯ. ಜಿಸಿಸಿ ಅಥವಾ ಕ್ಲ್ಯಾಂಗ್‌ಗೆ ‘ಎಫ್‌ಸ್ಯಾನಿಟೈಸ್=ಅಡ್ರೆಸ್’, ಡೀಬಗ್ ಮಾಹಿತಿಗೆ ಜಿ, ಜೊತೆಗೆ ಓ1 ಮತ್ತು ಫ್ರೇಮ್ ಪಾಯಿಂಟರ್ ಉಳಿಸುವ ಆಯ್ಕೆ ಕೊಟ್ಟು ಪೂರ್ತಿ ಮರುಬಿಲ್ಡ್ ಮಾಡಿ. ಓಟ ಸುಮಾರು ಎರಡುಪಟ್ಟು ನಿಧಾನವಾಗುತ್ತದೆ, ಅಷ್ಟೇ. 64 ಬಿಟ್ ಲಿನಕ್ಸ್‌ನಲ್ಲಿ ಲೀಕ್ ಸ್ಯಾನಿಟೈಸರ್ ಅದರ ಜೊತೆಗೇ ಬರುತ್ತದೆ. ಪ್ರೋಗ್ರಾಂ ಮುಗಿಯುವಾಗ ವರದಿ ಕೊಡುತ್ತದೆ. ಜಿಡಿಬಿ ಅಥವಾ ಎಸ್‌ಟ್ರೇಸ್ ಅಡಿಯಲ್ಲಿ ಮಾತ್ರ ಅದು ಕೆಲಸ ಮಾಡುವುದಿಲ್ಲ. ಪ್ರೋಗ್ರಾಂ ಅನ್ನು ಸಿಗ್‌ಕಿಲ್‌ನಿಂದ ಕೊಂದರೂ ವರದಿ ಬರುವುದಿಲ್ಲ, ಹಾಗಾಗಿ ಸರ್ವರ್ ಸರಿಯಾಗಿ ಮೇನ್‌ನಿಂದ ಹೊರಬರುವಂತೆ ಸಿಗ್‌ಟರ್ಮ್ ಹ್ಯಾಂಡ್ಲರ್ ಇರಲಿ.

ಮರುಬಿಲ್ಡ್ ಸಾಧ್ಯವಿಲ್ಲವೆಂದರೆ ವ್ಯಾಲ್‌ಗ್ರೈಂಡ್. ಅದರ ಮೆಮ್‌ಚೆಕ್‌ನಡಿ ಪ್ರೋಗ್ರಾಂ 20ರಿಂದ 30 ಪಟ್ಟು ನಿಧಾನವಾಗುತ್ತದೆ ಎಂದು ಇಟ್ಟುಕೊಳ್ಳಿ. ಟೈಮ್‌ಔಟ್‌ಗಳನ್ನು ಅದಕ್ಕೆ ತಕ್ಕಂತೆ ಹೆಚ್ಚಿಸದಿದ್ದರೆ ಇಲ್ಲದ ದೋಷಗಳು ಕಾಣುತ್ತವೆ. ‘ಲೀಕ್-ಚೆಕ್=ಫುಲ್’ ಮತ್ತು ‘ಶೋ-ಲೀಕ್-ಕೈಂಡ್ಸ್=ಆಲ್’ ಕೊಡಿ. ವರದಿಯಲ್ಲಿನ ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಪಟ್ಟಿ) ಅರ್ಧಕ್ಕೇ ನಿಂತರೆ ‘ನಮ್-ಕಾಲರ್ಸ್’ ಅನ್ನು 12ರಿಂದ 40ಕ್ಕೆ ಏರಿಸಿ.

ವರದಿಯ ನಾಲ್ಕು ವರ್ಗಗಳನ್ನು ಸರಿಯಾಗಿ ಓದುವುದೇ ಇಲ್ಲಿನ ಕೌಶಲ. ‘ಡೆಫಿನಿಟ್ಲಿ ಲಾಸ್ಟ್’ ಎಂದರೆ ಆ ತುಂಡಿನ ಕಡೆಗೆ ಒಂದು ಪಾಯಿಂಟರೂ (ವಿಳಾಸ ಹಿಡಿದಿಟ್ಟ ವೇರಿಯಬಲ್) ಉಳಿದಿಲ್ಲ. ‘ಇನ್‌ಡೈರೆಕ್ಟ್ಲಿ ಲಾಸ್ಟ್’ ಅಂಥ ತುಂಡಿನ ಮಕ್ಕಳು. ಮರದ ಬೇರು ಕಳೆದುಹೋದರೆ ಕೊಂಬೆಗಳೆಲ್ಲ ಇಲ್ಲಿ ಬರುತ್ತವೆ. ಅವುಗಳ ಹಿಂದೆ ಬೀಳಬೇಡಿ, ಮೊದಲ ವರ್ಗವನ್ನು ಸರಿಪಡಿಸಿದರೆ ತಾವಾಗಿಯೇ ಹೋಗುತ್ತವೆ. ‘ಪಾಸಿಬ್ಲಿ ಲಾಸ್ಟ್’ನಲ್ಲಿ ತುಂಡಿನ ಮಧ್ಯಕ್ಕೆ ಮಾತ್ರ ಪಾಯಿಂಟರ್ ಇದೆ.

ಎಲ್ಲರೂ ಕಡೆಗಣಿಸುವ ನಾಲ್ಕನೆಯದು ‘ಸ್ಟಿಲ್ ರೀಚಬಲ್’. ಎಲ್ಲೋ ಪಾಯಿಂಟರ್ ಇದೆ, ಹಾಗಾಗಿ ಕಳೆದುಹೋಗಿಲ್ಲ ಎಂದು ಉಪಕರಣ ಹೇಳುತ್ತದೆ. ಆದರೆ ದಿನಗಟ್ಟಲೆ ಓಡುವ ಸರ್ವರ್‌ಗಳನ್ನು ಕೊಲ್ಲುವುದು ಬಹುಪಾಲು ಇದೇ: ಸೇರಿಸುತ್ತಲೇ ಹೋಗಿ ಎಂದೂ ತೆಗೆಯದ ಮ್ಯಾಪ್. ಇನ್ನೂ ಕೆಟ್ಟದ್ದೆಂದರೆ, ಪ್ರೋಗ್ರಾಂ ಮುಗಿಯುವಾಗ ಆ ಮ್ಯಾಪ್‌ನ ಡಿಸ್ಟ್ರಕ್ಟರ್ ಎಲ್ಲವನ್ನೂ ಅಚ್ಚುಕಟ್ಟಾಗಿ ಫ್ರೀ ಮಾಡಿಬಿಡುತ್ತದೆ. ವರದಿ ಶುದ್ಧ, ಲೀಕ್ ಸೊನ್ನೆ! ಹಾಗಾಗಿ ಕೊನೆಯ ವರದಿಯನ್ನು ನಂಬಿ ಕೂರದೆ, ಓಟದ ನಡುವೆಯೇ ನೋಡಬೇಕು. ವ್ಯಾಲ್‌ಗ್ರೈಂಡ್‌ನ ಮ್ಯಾಸಿಫ್ ಉಪಕರಣ ಹೀಪ್ ಕಾಲಕ್ರಮದಲ್ಲಿ ಹೇಗೆ ಬೆಳೆಯಿತು, ಪ್ರತಿ ಘಟ್ಟದಲ್ಲಿ ಯಾವ ಸ್ಟ್ಯಾಕ್ ಎಷ್ಟು ಹಿಡಿದಿತ್ತು ಎಂದು ಬರೆದಿಡುತ್ತದೆ. ಹೀಪ್‌ಟ್ರ್ಯಾಕ್ ಅದಕ್ಕಿಂತ ವೇಗವಾಗಿದೆ, ಗ್ರಾಫ್ ಕೂಡ ಕೊಡುತ್ತದೆ.

ಈ ಎಲ್ಲ ಉಪಕರಣಗಳು ತೋರಿಸುವುದು ಮೆಮೊರಿ ಹುಟ್ಟಿದ ಸಾಲನ್ನು. ಅದು ಸಾಯಬೇಕಿದ್ದ ಸಾಲನ್ನು ನೀವೇ ಕಂಡುಹಿಡಿಯಬೇಕು. ಹುಟ್ಟಿದ ಸಾಲಿನಿಂದ ಹೊರಟು, ಆ ಪಾಯಿಂಟರ್ ಕೈಯಿಂದ ಕೈಗೆ ಹೋಗುವ ದಾರಿಯನ್ನು ಕಾಗದದ ಮೇಲೆ ಬರೆಯಿರಿ. ಪ್ರತಿ ಹಸ್ತಾಂತರದಲ್ಲೂ ‘ಇನ್ನು ಇದರ ಹೊಣೆ ಯಾರದ್ದು’ ಎಂದು ಕೇಳಿ. ಉತ್ತರ ತೊದಲುವ ಜಾಗದಲ್ಲೇ ದೋಷ ಇರುತ್ತದೆ. ಪದೇಪದೇ ಸಿಗುವವು ಇವು: ರಿಯಲಕ್‌ನ ಫಲಿತಾಂಶವನ್ನು ಅದೇ ವೇರಿಯಬಲ್‌ಗೆ ಹಾಕಿ, ಅದು ವಿಫಲವಾದಾಗ ಹಳೆಯ ವಿಳಾಸ ಕಳೆದುಕೊಳ್ಳುವುದು, ಗೆಟ್‌ಅಡ್ರಿನ್ಫೋ ಕರೆದು ಫ್ರೀಅಡ್ರಿನ್ಫೋ ಮರೆಯುವುದು, ಜಾಯಿನ್ ಅಥವಾ ಡಿಟ್ಯಾಚ್ ಮಾಡದೆ ಬಿಟ್ಟ ಪಿಥ್ರೆಡ್, ಒಬ್ಬರನ್ನೊಬ್ಬರು ಹಿಡಿದುಕೊಂಡ ಎರಡು ಶೇರ್ಡ್ ಪಾಯಿಂಟರ್‌ಗಳು. ಕೊನೆಯದಕ್ಕೆ ಮಗುವಿನಿಂದ ತಾಯಿಯ ಕಡೆಗಿನ ಕೊಂಡಿಯನ್ನು ವೀಕ್ (ಹಿಡಿದಿಡದ) ಪಾಯಿಂಟರ್ ಮಾಡಿದರೆ ಸಾಕು. ರಸ್ಟ್‌ನ ಆರ್‌ಸಿಗೂ ಇದೇ ಕಾಯಿಲೆ, ಇದೇ ಮದ್ದು.

ಹಂತ 5: ಗಾರ್ಬೇಜ್ ಕಲೆಕ್ಷನ್ ಇರುವ ಕಡೆ, 37ರ ತಂತ್ರ

ಕಲೆಕ್ಟರ್ ಇದ್ದಮೇಲೆ ಲೀಕ್ ಹೇಗೆ ಎಂಬ ಪ್ರಶ್ನೆ ಇನ್ನೂ ಕೇಳಿಬರುತ್ತದೆ. ಕಲೆಕ್ಟರ್ ತೆಗೆಯುವುದು ತಲುಪಲಾಗದ್ದನ್ನು ಮಾತ್ರ. ಯಾವುದೋ ಲಿಸ್ಟ್‌ನ ಮೂಲೆಯಲ್ಲಿ ಒಂದು ರೆಫರೆನ್ಸ್ ಉಳಿದರೆ, ಅದು ನಿಮಗೆ ಬೇಕೋ ಬೇಡವೋ ಕಲೆಕ್ಟರ್‌ಗೆ ಗೊತ್ತಾಗದು.

ಇಲ್ಲಿ ದಾರಿ ಒಂದೇ, ಯಾವ ಭಾಷೆಯಾದರೂ: ಎರಡು ಸ್ನ್ಯಾಪ್‌ಶಾಟ್ ಹಿಡಿದು ವ್ಯತ್ಯಾಸ ನೋಡುವುದು. ಒಂದೇ ಸ್ನ್ಯಾಪ್‌ಶಾಟ್‌ನಲ್ಲಿ ಲಕ್ಷಾಂತರ ಆಬ್ಜೆಕ್ಟ್‌ಗಳಿರುತ್ತವೆ, ಅದನ್ನು ದಿಟ್ಟಿಸುವುದು ಸಮಯದ ಪೋಲು. ಬಿಸಿಯಾದ ಮೇಲೆ ಜಿಸಿ ಮಾಡಿಸಿ ಮೊದಲನೆಯದನ್ನು ಹಿಡಿಯಿರಿ. ನಂತರ ಅನುಮಾನವಿರುವ ಕೆಲಸವನ್ನು ಸರಿಯಾಗಿ 37 ಸಲ ಮಾಡಿ, ಜಿಸಿ ಮಾಡಿಸಿ ಎರಡನೆಯದು. ಇನ್ನೊಮ್ಮೆ 37 ಸಲ, ಮೂರನೆಯದು. ಹತ್ತು, ನೂರು, 64ರಂಥ ಸಂಖ್ಯೆಗಳು ಬೇಡ, ಪೂಲ್ ಮತ್ತು ಅರೇಗಳ ಗಾತ್ರವೂ ಅವೇ ಆಗಿದ್ದು ಗೊಂದಲವಾಗುತ್ತದೆ. 37 ಅವಿಭಾಜ್ಯ, ಬೇರೆಲ್ಲೂ ಸುಮ್ಮನೆ ಬರುವುದಿಲ್ಲ. ಈಗ ವ್ಯತ್ಯಾಸದ ಪಟ್ಟಿಯಲ್ಲಿ ಬೈಟ್‌ಗಳನ್ನು ನೋಡದೆ ಎಣಿಕೆಗಳನ್ನು ನೋಡಿ. ನಿಖರವಾಗಿ 37 ಅಥವಾ 74, 111ರಷ್ಟು ಹೆಚ್ಚಾಗಿ, ಮುಂದಿನ ಸುತ್ತಲ್ಲೂ ಅಷ್ಟೇ ಹೆಚ್ಚಾದ ಕ್ಲಾಸ್ ಸೋರುತ್ತಿದೆ. 111 ಬಂದರೆ ಪ್ರತಿ ಸಲ ಮೂರು ಉಳಿಯುತ್ತಿವೆ ಎಂದರ್ಥ.

ಪಟ್ಟಿಯ ತುದಿಯಲ್ಲಿ ಯಾವಾಗಲೂ ಸ್ಟ್ರಿಂಗ್, ಬೈಟ್ ಅರೇ, ಹ್ಯಾಷ್‌ಮ್ಯಾಪ್ ನೋಡ್‌ಗಳೇ ಇರುತ್ತವೆ. ಅವು ಹೂಳು. ಅವನ್ನು ದಾಟಿ ಕೆಳಗಿಳಿದು, ನಿಮ್ಮದೇ ಪ್ಯಾಕೇಜಿನ ಹೆಸರಿರುವ ಮೊದಲ ಕ್ಲಾಸ್ ಹುಡುಕಿ. ಸಿಕ್ಕ ಮೇಲೆ ಅದರ ಒಂದು ಆಬ್ಜೆಕ್ಟ್ ಆರಿಸಿ, ಅದನ್ನು ಯಾರು ಹಿಡಿದಿದ್ದಾರೆ ಎಂದು ಹಿಂದೆ ಹಿಂದೆ ಹೋಗಿ ಜಿಸಿ ರೂಟ್ (ಕಲೆಕ್ಟರ್ ಹುಡುಕಾಟ ಶುರುಮಾಡುವ ಬೇರು) ತಲುಪಿ. ಆ ಸರಪಳಿಯಲ್ಲಿ ಎಲ್ಲ ಕೊಂಡಿಗಳೂ ಸಹಜವಾಗಿರುತ್ತವೆ, ಒಂದರ ಹೊರತು: ಅಲ್ಪಾಯುಷಿ ಆಬ್ಜೆಕ್ಟನ್ನು ದೀರ್ಘಾಯುಷಿ ಹಿಡಿದಿರುವ ಕೊಂಡಿ. ಕತ್ತರಿಸಬೇಕಾದದ್ದು ಅದನ್ನೇ.

ಜಾವಾದಲ್ಲಿ ಜೆಸಿಎಂಡಿಯ ‘ಜಿಸಿ.ಕ್ಲಾಸ್ ಹಿಸ್ಟೋಗ್ರಾಂ’ ಆಜ್ಞೆ ತಾನೇ ಪೂರ್ಣ ಜಿಸಿ ಮಾಡಿಸಿ ಎಣಿಕೆ ಕೊಡುತ್ತದೆ. ಮೂರು ಸಲ ತೆಗೆದು ಡಿಫ್ ಮಾಡಿದರೆ ಎಷ್ಟೋ ಸಲ ಡಂಪ್ (ಹೀಪ್‌ನ ಪೂರ್ತಿ ಪ್ರತಿ) ಬೇಕೇ ಆಗುವುದಿಲ್ಲ. ಬೇಕಾದರೆ ‘ಜಿಸಿ.ಹೀಪ್ ಡಂಪ್’ ತೆಗೆದು ಎಕ್ಲಿಪ್ಸ್ ಮ್ಯಾಟ್‌ನಲ್ಲಿ ತೆರೆಯಿರಿ. ಶ್ಯಾಲೋ ಎಂದರೆ ಆಬ್ಜೆಕ್ಟ್‌ನ ಸ್ವಂತ ಗಾತ್ರ, ರೀಟೇನ್ಡ್ ಎಂದರೆ ಅದು ಹೋದರೆ ಜೊತೆಗೆ ಹೋಗುವ ಒಟ್ಟು ಗಾತ್ರ. ಡಾಮಿನೇಟರ್ ಟ್ರೀಯನ್ನು ರೀಟೇನ್ಡ್ ಪ್ರಕಾರ ಜೋಡಿಸಿ, ರೂಟ್‌ನ ದಾರಿ ಕೇಳುವಾಗ ವೀಕ್ ಮತ್ತು ಸಾಫ್ಟ್ ರೆಫರೆನ್ಸ್‌ಗಳನ್ನು ಹೊರಗಿಡಿ. ಥ್ರೆಡ್ ಪೂಲ್ ಇರುವಲ್ಲಿ ಥ್ರೆಡ್‌ಲೋಕಲ್ ಮೇಲೆ ಕಣ್ಣಿಡಿ: ಥ್ರೆಡ್ ಸಾಯುವುದೇ ಇಲ್ಲ, ಹಾಗಾಗಿ ರಿಮೂವ್ ಮಾಡದ ಮೌಲ್ಯವೂ ಸಾಯುವುದಿಲ್ಲ.

ಬ್ರೌಸರ್ ಮತ್ತು ನೋಡ್‌ಗೆ ಕ್ರೋಮ್ ಡೆವ್‌ಟೂಲ್ಸ್‌ನ ಮೆಮೊರಿ ವಿಭಾಗವೇ ಸಾಕು. ಕಂಪ್ಯಾರಿಸನ್ ನೋಟದಲ್ಲಿ ಡೆಲ್ಟಾ ಕಾಲಂ ನೋಡಿ, ಕೆಳಗಿನ ರೀಟೇನರ್ಸ್ ಪಟ್ಟಿಯಲ್ಲಿ ಮೇಲಕ್ಕೆ ಹೋಗಿ. ಹುಡುಕು ಪೆಟ್ಟಿಗೆಯಲ್ಲಿ ‘ಡಿಟ್ಯಾಚ್ಡ್’ ಎಂದು ಹಾಕಿದರೆ ಪುಟದಿಂದ ತೆಗೆದರೂ ಜಾವಾಸ್ಕ್ರಿಪ್ಟ್ ಹಿಡಿದಿಟ್ಟಿರುವ ಡಾಮ್ ನೋಡ್‌ಗಳು ಸಿಗುತ್ತವೆ. ಎರಡು ಎಚ್ಚರಿಕೆ. ಕನ್ಸೋಲ್‌ಗೆ ಲಾಗ್ ಮಾಡಿದ ಆಬ್ಜೆಕ್ಟನ್ನು ಡೆವ್‌ಟೂಲ್ಸ್ ತಾನೇ ಹಿಡಿದುಕೊಳ್ಳುತ್ತದೆ. ಅಳೆಯುವ ಮೊದಲು ಆ ಲಾಗ್‌ಗಳನ್ನು ತೆಗೆಯಿರಿ. ಮತ್ತು ಒಂದೇ ಫಂಕ್ಷನ್‌ನೊಳಗೆ ಹುಟ್ಟಿದ ಕ್ಲೋಷರ್‌ಗಳು (ಹೊರಗಿನ ವೇರಿಯಬಲ್‌ಗಳನ್ನು ಹಿಡಿದ ಒಳ ಫಂಕ್ಷನ್‌ಗಳು) ಒಂದೇ ಕಾಂಟೆಕ್ಸ್ಟ್ ಹಂಚಿಕೊಳ್ಳುತ್ತವೆ. ಬದುಕಿರುವ ಕ್ಲೋಷರ್ ಬಳಸದಿದ್ದರೂ, ಪಕ್ಕದ್ದು ಬಳಸಿದ ದೊಡ್ಡ ಅರೇ ಅದರ ಜೊತೆ ಉಳಿದುಬಿಡುತ್ತದೆ. ನೋಡ್‌ನಲ್ಲಿ ಒಂದೇ ಎಮಿಟರ್‌ಗೆ 10ಕ್ಕಿಂತ ಹೆಚ್ಚು ಲಿಸನರ್ ಸೇರಿದಾಗ ಬರುವ ಮ್ಯಾಕ್ಸ್‌ಲಿಸನರ್ಸ್ ಎಚ್ಚರಿಕೆಯನ್ನು ಮಿತಿ ಏರಿಸಿ ಬಾಯಿ ಮುಚ್ಚಿಸಬೇಡಿ. ಲಿಸನರ್‌ಗಳು ಸೋರುತ್ತಿವೆ ಎಂದು ಅದು ಮುಂಚಿತವಾಗಿ ಹೇಳುತ್ತಿರಬಹುದು.

ಪೈಥಾನ್‌ನಲ್ಲಿ ಟ್ರೇಸ್‌ಮ್ಯಾಲಕ್ ಆವೃತ್ತಿ 3.4ರಿಂದಲೇ ಜೊತೆಗಿದೆ. ಸ್ಟಾರ್ಟ್‌ಗೆ 25 ಕೊಡಿ. ಏನೂ ಕೊಡದಿದ್ದರೆ ಒಂದೇ ಫ್ರೇಮ್ ನೆನಪಿಡುತ್ತದೆ, ಅದು ಸಾಮಾನ್ಯವಾಗಿ ಯಾವುದೋ ಲೈಬ್ರರಿಯ ಒಳಸಾಲಾಗಿರುತ್ತದೆ. ಸ್ನ್ಯಾಪ್‌ಶಾಟ್‌ಗಳನ್ನು ‘ಕಂಪೇರ್ ಟು’ದಿಂದ ಹೋಲಿಸಿ, ಯಾರು ಹಿಡಿದಿದ್ದಾರೆ ಎಂಬುದಕ್ಕೆ ಆಬ್ಜ್‌ಗ್ರಾಫ್‌ನ ಬ್ಯಾಕ್‌ರೆಫ್ ಚಿತ್ರ ಬಳಸಿ. ಎಲ್‌ಆರ್‌ಯು (ಬಹುಕಾಲ ಬಳಸದ್ದನ್ನು ಮೊದಲು ತೆಗೆಯುವ) ಕ್ಯಾಶ್‌ನ ಮಿತಿ ಸಾಮಾನ್ಯವಾಗಿ 128, ಆದರೆ ಮ್ಯಾಕ್ಸ್‌ಸೈಜ್ ಅನ್ನು ‘ನನ್’ (ಏನೂ ಇಲ್ಲ) ಮಾಡಿದರೆ ಮಿತಿಯೇ ಇಲ್ಲ. ಅದನ್ನು ಮೆಥಡ್ ಮೇಲೆ ಹಾಕಿದರೆ ಸೆಲ್ಫ್ ಕೂಡ ಕ್ಯಾಶ್‌ನಲ್ಲಿ ಕೂರುತ್ತದೆ. ಇನ್ನೊಂದು ಅಡಗಿದ ಜಾಗ ಎಕ್ಸೆಪ್ಷನ್: ಆಮೇಲೆ ನೋಡೋಣವೆಂದು ಎಕ್ಸೆಪ್ಷನ್ ಆಬ್ಜೆಕ್ಟನ್ನು ಲಿಸ್ಟ್‌ಗೆ ಹಾಕಿಟ್ಟರೆ ಅದರ ಟ್ರೇಸ್‌ಬ್ಯಾಕ್, ಅದರೊಳಗಿನ ಫ್ರೇಮ್‌ಗಳು, ಆ ಫ್ರೇಮ್‌ಗಳ ಎಲ್ಲ ಲೋಕಲ್ ವೇರಿಯಬಲ್‌ಗಳೂ ಬದುಕಿರುತ್ತವೆ. ಸಂದೇಶವನ್ನು ಸ್ಟ್ರಿಂಗ್ ಆಗಿ ಇಟ್ಟುಕೊಳ್ಳಿ, ಸಾಕು.

ಗೋನಲ್ಲಿ ಮೊದಲು ಗೋರೊಟೀನ್‌ಗಳ (ಗೋ ಭಾಷೆಯ ಹಗುರ ಥ್ರೆಡ್‌ಗಳ) ಸಂಖ್ಯೆ ನೋಡಿ. ಅದು ಏರುತ್ತಿದ್ದರೆ ಹೀಪ್ ಪ್ರೊಫೈಲ್‌ಗೆ ಕೈಹಾಕುವುದೇ ಬೇಡ: ಯಾರೂ ಓದದ ಚಾನೆಲ್‌ಗೆ ಕಳಿಸಲು ಕಾದು ನಿಂತವರು ಗೋರೊಟೀನ್ ಪ್ರೊಫೈಲ್‌ನಲ್ಲಿ ಸ್ಟ್ಯಾಕ್ ಸಮೇತ ಸಿಗುತ್ತಾರೆ. ಹೀಪ್‌ಗೆ ಹೋದರೆ ‘ಇನ್‌ಯೂಸ್ ಸ್ಪೇಸ್’ ನೋಡಬೇಕು, ‘ಅಲಕ್ ಸ್ಪೇಸ್’ ಅಲ್ಲ. ಎರಡನೆಯದು ಹುಟ್ಟಿ ಸತ್ತವರನ್ನೂ ಎಣಿಸುತ್ತದೆ. ದೊಡ್ಡ ಸ್ಲೈಸ್‌ನಿಂದ ಹತ್ತು ಬೈಟ್ ಕತ್ತರಿಸಿ ಇಟ್ಟುಕೊಂಡರೆ ಇಡೀ ದೊಡ್ಡ ಅರೇ ಉಳಿಯುತ್ತದೆ. ಬೇಕಾದಷ್ಟನ್ನು ಕಾಪಿ ಮಾಡಿ.

ಹಂತ 6: ಜನ ಬಳಸುತ್ತಿರುವ ಸರ್ವರ್‌ನಲ್ಲಿ ಮಾತ್ರ ಕಾಣುವುದಾದರೆ

ಹೀಪ್ ಡಂಪ್ ತೆಗೆಯುವಾಗ ಪ್ರೋಗ್ರಾಂ ನಿಲ್ಲುತ್ತದೆ. ಹಲವು ಜಿಬಿ ಹೀಪ್ ಇದ್ದರೆ ಹೆಲ್ತ್ ಚೆಕ್ ವಿಫಲವಾಗಿ ಡಂಪ್ ಅರ್ಧದಲ್ಲೇ ಪ್ರಾಸೆಸ್ ಸಾಯಬಹುದು. ಮೊದಲು ಆ ಯಂತ್ರವನ್ನು ಲೋಡ್ ಬ್ಯಾಲೆನ್ಸರ್‌ನಿಂದ ಹೊರತೆಗೆಯಿರಿ. ಡಿಸ್ಕ್‌ನಲ್ಲಿ ಹೀಪ್‌ನಷ್ಟಾದರೂ ಜಾಗ ಇರಲಿ. ನೋಡ್‌ಗೆ ಸ್ನ್ಯಾಪ್‌ಶಾಟ್ ಹಿಡಿಯಲು ಹೀಪ್‌ನ ಸುಮಾರು ಎರಡುಪಟ್ಟು ಮೆಮೊರಿ ಬೇಕು, ಹಾಗಾಗಿ ತುಂಬಿ ತುಳುಕುವವರೆಗೆ ಕಾಯದೆ ಅರ್ಧ ತುಂಬಿದಾಗಲೇ ಹಿಡಿಯಿರಿ. ಡಂಪ್ ಫೈಲಿನಲ್ಲಿ ಪಾಸ್‌ವರ್ಡ್, ಟೋಕನ್, ಬಳಕೆದಾರರ ಮಾಹಿತಿ ಎಲ್ಲ ಬಿಚ್ಚಿಟ್ಟಂತೆ ಇರುತ್ತದೆ ಎಂಬುದನ್ನು ಮರೆಯಬೇಡಿ. ಅದನ್ನು ಚಾಟ್‌ನಲ್ಲಿ ಹಂಚಬೇಡಿ, ಕೆಲಸ ಮುಗಿದ ಕೂಡಲೇ ಅಳಿಸಿ.

ನೇಟಿವ್ ಪ್ರೋಗ್ರಾಂಗಳಿಗೆ ಬಿಸಿಸಿ ಎಂಬ ಲಿನಕ್ಸ್ ಉಪಕರಣಗಳ ಗುಂಪಿನ ಮೆಮ್‌ಲೀಕ್ ಉಪಕರಣ ಮರುಸ್ಟಾರ್ಟ್ ಇಲ್ಲದೆ ಅಂಟಿಕೊಳ್ಳುತ್ತದೆ. ಒಂದು ನಿಮಿಷಕ್ಕಿಂತ ಹಳೆಯದಾಗಿಯೂ ಫ್ರೀ ಆಗದವುಗಳನ್ನು ಮಾತ್ರ ತೋರಿಸಲು ‘ಓ’ ಆಯ್ಕೆಗೆ 60000 ಮಿಲಿಸೆಕೆಂಡ್ ಕೊಡಿ. ಪ್ರತಿ ಮ್ಯಾಲಕ್ ಕರೆಯನ್ನೂ ಅದು ತಡೆದು ನೋಡುವುದರಿಂದ ಭಾರ ಬೀಳುತ್ತದೆ, ಕೆಲವು ನಿಮಿಷ ಮಾತ್ರ ಓಡಿಸಿ. ಪ್ರೊಫೈಲಿಂಗ್ ಸಮೇತ ಬಿಲ್ಡ್ ಮಾಡಿದ ಜೆಮ್ಯಾಲಕ್ ಅಲೊಕೇಟರ್ ದೀರ್ಘ ಓಟಕ್ಕೆ ಒಳ್ಳೆಯದು. ಅದು ಸರಾಸರಿ 512 ಕೆಬಿಗೆ ಒಂದರಂತೆ ಮಾದರಿ ಹಿಡಿಯುತ್ತದೆ, ಎರಡು ಡಂಪ್‌ಗಳ ವ್ಯತ್ಯಾಸವನ್ನು ಜೆಪ್ರೊಫ್ ತೋರಿಸುತ್ತದೆ.

ಯಾವ ಉಪಕರಣವೂ ಹಾಕಲಾಗದ ಯಂತ್ರದಲ್ಲೂ ಒಂದು ಹಳೆಯ ದಾರಿ ಉಳಿದಿದೆ. ಜಿಕೋರ್‌ನಿಂದ ಕೋರ್ ಫೈಲ್ (ಪ್ರಾಸೆಸ್‌ನ ಮೆಮೊರಿಯ ಪ್ರತಿ) ತೆಗೆದು ಅದರ ಮೇಲೆ ‘ಸ್ಟ್ರಿಂಗ್ಸ್’ ಓಡಿಸಿ, ಸಾಲುಗಳನ್ನು ಜೋಡಿಸಿ ಎಣಿಸಿ. ಲೀಕ್ ದೊಡ್ಡದಿದ್ದರೆ ರ‍್ಯಾಮ್‌ನ ಬಹುಪಾಲು ಅದೇ ತುಂಬಿರುತ್ತದೆ, ಅಂದರೆ ಅತಿ ಹೆಚ್ಚು ಸಲ ಬರುವ ಪಠ್ಯ ಅದರದ್ದೇ ಆಗಿರುವ ಸಂಭವ ಹೆಚ್ಚು. ಒಂದು ಎಚ್‌ಟಿಟಿಪಿ ಹೆಡರ್ ಅಥವಾ ಎಸ್‌ಕ್ಯೂಎಲ್ ಸಾಲು ಎರಡು ಲಕ್ಷ ಸಲ ಕಂಡರೆ ಯಾವ ಫೈಲ್ ತೆರೆಯಬೇಕೆಂದು ಹೇಳಬೇಕಾಗಿಲ್ಲ.

ಹಂತ 7: ಸರಿಪಡಿಸಿ, ಅದೇ ಅಳತೆಗೋಲಿನಿಂದ ಮತ್ತೆ ಅಳೆಯಿರಿ

ಕ್ಯಾಶ್ ಆದರೆ ಗಾತ್ರದ ಮಿತಿ ಕೊಡಿ. ಸಮಯದ ಮಿತಿಯೊಂದೇ ಸಾಲದು, ಒಮ್ಮೆಲೇ ದಟ್ಟಣೆ ಬಂದರೆ ಅವಧಿ ಮುಗಿಯುವ ಮೊದಲೇ ಮೆಮೊರಿ ಮುಗಿಯುತ್ತದೆ. ಲಿಸನರ್ ಆದರೆ ಸೇರಿಸುವ ಫಂಕ್ಷನ್ ಪಕ್ಕದಲ್ಲೇ ತೆಗೆಯುವುದನ್ನೂ ಬರೆಯಿರಿ. ಎರರ್ ದಾರಿಯಾದರೆ ಬಿಡುಗಡೆಯನ್ನು ಮನುಷ್ಯರ ನೆನಪಿಗೆ ಬಿಡದೆ ಭಾಷೆಗೆ ವಹಿಸಿ: ಸಿ++ನ ಡಿಸ್ಟ್ರಕ್ಟರ್, ಪೈಥಾನ್‌ನ ವಿತ್, ಗೋನ ಡಿಫರ್, ಜಾವಾದ ಟ್ರೈ-ವಿತ್-ರಿಸೋರ್ಸಸ್. ಗೋನಲ್ಲಿ ಲೂಪ್‌ನೊಳಗಿನ ಡಿಫರ್ ಫಂಕ್ಷನ್ ಮುಗಿಯುವವರೆಗೂ ನಡೆಯುವುದಿಲ್ಲ, ಅದೇ ಹೊಸ ಲೀಕ್ ಆಗಬಹುದು. ದಿನಕ್ಕೊಮ್ಮೆ ರೀಸ್ಟಾರ್ಟ್ ಮಾಡುವುದು ಹುಡುಕಲು ಸಮಯ ಕೊಡುವ ತಾತ್ಕಾಲಿಕ ಏರ್ಪಾಡಾಗಿ ಸರಿ, ಆದರೆ ಅದಕ್ಕೊಂದು ಕೊನೆಯ ದಿನಾಂಕ ಬರೆದಿಡಿ.

ಬದಲಾವಣೆಯ ನಂತರ ಎರಡನೇ ಹಂತದ ಅದೇ ಲೋಡ್ ಅನ್ನು, ಅದೇ ಕ್ರಮದಲ್ಲಿ, ಎರಡುಪಟ್ಟು ಹೊತ್ತು ಓಡಿಸಿ. 37ರ ಪರೀಕ್ಷೆಯನ್ನು ಸ್ವಯಂಚಾಲಿತ ಟೆಸ್ಟ್ ಆಗಿ ಉಳಿಸಿಕೊಳ್ಳಿ: ಕೆಲಸ ಮಾಡಿ, ಜಿಸಿ ಮಾಡಿಸಿ, ಆ ಕ್ಲಾಸ್‌ನ ಬದುಕಿರುವ ಎಣಿಕೆ ಮೊದಲಿನಷ್ಟೇ ಇದೆಯೇ ಎಂದು ನೋಡಿ. ಒಟ್ಟು ಮೆಮೊರಿ ಇಷ್ಟು ಎಂಬಿ ದಾಟಬಾರದು ಎಂಬ ಟೆಸ್ಟ್ ಬರೆಯಬೇಡಿ, ಅದು ಕಾರಣವಿಲ್ಲದೆ ಕೆಲವೊಮ್ಮೆ ಸೋತು, ಕೊನೆಗೆ ಯಾರೋ ಅದನ್ನು ಆಫ್ ಮಾಡುತ್ತಾರೆ. ಸಿ++ ತಂಡಗಳು ಸ್ಯಾನಿಟೈಸರ್ ಬಿಲ್ಡ್ ಒಂದನ್ನು ಪ್ರತಿ ಕೋಡ್ ಸೇರ್ಪಡೆಯಲ್ಲೂ ಓಡಿಸಲಿ.

ಮತ್ತು ಭಾಗಾಕಾರವನ್ನು ಇನ್ನೊಮ್ಮೆ ಮಾಡಿ. ರಿಕ್ವೆಸ್ಟ್ ಒಂದಕ್ಕೆ 4 ಕೆಬಿ ಇದ್ದದ್ದು 300 ಬೈಟ್‌ಗೆ ಇಳಿದು ಅಲ್ಲೇ ನಿಂತರೆ, ದೊಡ್ಡ ಲೀಕ್‌ನ ಅಡಿಯಲ್ಲಿ ಚಿಕ್ಕದೊಂದು ಇಷ್ಟು ದಿನ ಅಡಗಿತ್ತು. ಆ 300 ಬೈಟ್‌ ಹಿಡಿದು ಎರಡನೇ ಹಂತಕ್ಕೆ ಹಿಂದಿರುಗಿ. ಈ ಸಲ ಲೋಡ್ ಸ್ಕ್ರಿಪ್ಟ್ ಸಿದ್ಧವಿದೆ.